ಕೈ ಎತ್ತಿದರೆ ಜೋಡಿ

ಮೊದಲ ಒದೆ ಎಡ ತೊಡೆಗೆ ಬಿತ್ತು. ಕಾದ ಕಬ್ಬಿಣದ ಪಟ್ಟಿ ಬಡಿದ ಹಾಗಾಯಿತು. ಎರಡನೆಯದು ಪಕ್ಕೆಗೆ. ಒಳಗೆ ಏನೋ ಒಣಸೌದೆಯಂತೆ ಲಟಕ್ಕೆಂದಿತು. ಕೆಳಗೆ ನನ್ನ ಮಗ "ಅಪ್ಪಾ, ಇಳೀರಿ! ಕಾಲಿಗೆ ಬೀಳ್ತೀನಿ, ಇಳೀರಿ!" ಎಂದು ಅರಚುತ್ತಿದ್ದ. ನಾನು ಇಳಿಯಲಿಲ್ಲ. ಜೋಡಿ ಕಟ್ಟಿದ ಮೇಲೆ ಇಳಿಯುವುದುಂಟೇ?

ನಾನು ಓದಿದ್ದು ನಾಲ್ಕನೇ ಕ್ಲಾಸು. ಭದ್ರಾವತಿಯ ಕಾರ್ಖಾನೆಯಲ್ಲಿ ಹಗಲೆಲ್ಲ ಕುಲುಮೆಯ ಮುಂದೆ ಬೇಯುವುದು, ಸಂಜೆಯಾದರೆ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಾಡುವುದು, ಇಷ್ಟೇ ನನ್ನ ವಿದ್ಯೆ. ಮಗ ಹಾಗಲ್ಲ, ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ವಿದ್ಯಾನಗರದಲ್ಲಿ ಮನೆ ಮಾಡಿದ. ಆ ಕಾಲದಲ್ಲಿ ಸಿಮೆಂಟ್ ಕಂಪನಿಯವರು ಹೆಚ್ಚು ವ್ಯಾಪಾರ ಮಾಡಿದ ಅಂಗಡಿಯವರನ್ನು ಬ್ಯಾಂಕಾಕಿಗೆ ಕಳಿಸುತ್ತಿದ್ದರು, ಗಂಡ ಹೆಂಡತಿ ಇಬ್ಬರಿಗೂ ಟಿಕೆಟ್ಟು. ಸೊಸೆಗೆ ಹೋಗಲು ಆಗಲಿಲ್ಲ, ಮೊಮ್ಮಗಳು ಇನ್ನೂ ಅಂಬೆಗಾಲಿನವಳು. ಹಾಗಾಗಿ ಅವಳ ಜಾಗದಲ್ಲಿ ನಾನು ಹೊರಟೆ.

ಮೊಮ್ಮಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ನನಗೆ ಮೂರು ಗಂಡುಮಕ್ಕಳು. ಮನೆಗೆ ಬಂದ ಮೊದಲ ಹೆಣ್ಣುಕೂಸು ಅವಳು. ತೊಟ್ಟಿಲು ಬೇಡ, ಹಾಸಿಗೆ ಬೇಡ, ಅಮ್ಮನ ಮಡಿಲೂ ಬೇಡ. ನಾನು ಎತ್ತಿಕೊಂಡು ಎದೆಯ ಮೇಲೆ ಹಾಕಿಕೊಂಡರೆ ಮಾತ್ರ ನಿದ್ದೆ. ಆ ಭಾಗ್ಯವನ್ನು ಬರೆಯಲು ನನಗೆ ಬರುವುದಿಲ್ಲ. ಹೊರಡುವಾಗ ಸೊಸೆ ಗೇಟಿನ ತನಕ ಬಂದು, "ಮಾವ, ಹೆಂಗೆ ಹೋಗ್ತಿದೀರೋ ಹಂಗೇ ವಾಪಸ್ ಬರ್ಬೇಕು. ಇವಳನ್ನ ಎತ್ತಿ ಮಲಗ್ಸೋರು ನೀವೇ" ಎಂದಳು.

"ನಂಗೇನಾಗ್ತದೆ ಮಾರಾಯ್ತಿ?" ಎಂದೆ.

ಬ್ಯಾಂಕಾಕಿನ ಸಂಜೆ ಅಂದರೆ ಅದೊಂದು ಹುಚ್ಚು. ಕೆಂಪು, ಹಸಿರು, ನೀಲಿ ಬೆಳಕು ಮೈಮೇಲೆ ಹರಿಯುತ್ತಿತ್ತು. ಹುರಿದ ಹುಳ ಮಾರುವವರು, ಬೀದಿಯಲ್ಲೇ ಕುಣಿಯುವವರು, ಕಿವಿಗಡಚಿಕ್ಕುವ ಹಾಡು. ನನ್ನ ಎರಡು ಕಣ್ಣು ಸಾಲಲಿಲ್ಲ. ನಮ್ಮ ಗೈಡ್ ತಮಿಳಿನವನು. ಕಾರ್ಖಾನೆಯ ಗೆಳೆಯರಿಂದ ತಮಿಳು ಕಲಿತಿದ್ದ ನನಗೆ ಊರೇ ಸಿಕ್ಕ ಹಾಗಾಯಿತು. ಅವನು ನಮ್ಮನ್ನೆಲ್ಲ ಒಂದು ಬಾರ್‌ಗೆ ಕರೆದೊಯ್ದ. ಮೇಜುಗಳ ನಡುವೆ ಹಗ್ಗ ಕಟ್ಟಿದ ಅಟ್ಟಣೆ. ಅದರ ಮೇಲೆ ಇಬ್ಬರು ಹುಡುಗರು ಒದ್ದಾಡುತ್ತಿದ್ದರು. ಒದ್ದಾಟ ಅಂದರೆ ನಿಜವಾದ ಒದೆಯ ಆಟ. ಕಾಲು, ಮೊಣಕಾಲು, ಮೊಣಕೈ, ಎಲ್ಲದರಿಂದಲೂ ಹೊಡೆತ. ಒಬ್ಬನ ಮೊಣಕೈ ಇನ್ನೊಬ್ಬನ ಹುಬ್ಬನ್ನು ಸೀಳಿತು. ರಕ್ತ ಚಿಮ್ಮಿ ಮುಂದಿನ ಮೇಜಿನ ಬಿಳಿ ಬಟ್ಟೆಯ ಮೇಲೆ ಬಿತ್ತು. ಬಿಳಿಯ ಹೆಂಗಸೊಬ್ಬಳು ಮುಖ ಮುಚ್ಚಿಕೊಂಡಳು. ನಮ್ಮವರು ಬಿಯರ್ ಹಿಡಿದು ಕೂತರೆ ನಾನು ಎಳನೀರು ಹಿಡಿದು ನಿಂತುಬಿಟ್ಟೆ. ಬಿದ್ದವನು ಎದ್ದ, ಮತ್ತೆ ಏಟು ತಿಂದ, ಮತ್ತೆ ಎದ್ದ. ನನ್ನ ಮೈಯೊಳಗಿನ ಹಳೆಯ ರಕ್ತವೆಲ್ಲ ಕುದಿಯಿತು. ಪಟಪಟನೆ ತೊಡೆ ತಟ್ಟಿದೆ.

"ಯಜಮಾನ್ರೇ, ಎಳನೀರು ಕುಡ್ದೇ ಹಿಂಗಾದ್ರೆ ಬಿಯರ್ ಕುಡುದ್ರೆ ಹೆಂಗೆ ಮಾರಾಯ್ರೇ!" ಎಂದು ನಮ್ಮ ಜೊತೆ ಬಂದಿದ್ದ ಪೇಂಟ್ ಅಂಗಡಿಯವನು ನಕ್ಕ.

ಗೆದ್ದ ಹುಡುಗ ಮೈಯೊರೆಸಿಕೊಂಡ. ಮೈಕು ಹಿಡಿದವನು ನಾನು ತೊಡೆ ತಟ್ಟಿದ್ದನ್ನು ನೋಡಿದ್ದನೇನೋ, ಕೈಸನ್ನೆ ಮಾಡಿ ಮೇಲೆ ಕರೆದ. ಹೋದೆ. ಅವನು ಒಂದು ಕೈಯಲ್ಲಿ ನನ್ನ ಮಣಿಕಟ್ಟು, ಇನ್ನೊಂದರಲ್ಲಿ ಆ ಹುಡುಗನ ಮಣಿಕಟ್ಟು ಹಿಡಿದು ಎರಡನ್ನೂ ಮೇಲೆತ್ತಿ ನಾಲ್ಕೂ ದಿಕ್ಕಿಗೆ ತಿರುಗಿಸಿದ. ಜನ ಚಪ್ಪಾಳೆ ತಟ್ಟಿದರು.

ನಮ್ಮ ಕಡೆ ಕುಸ್ತಿ ನೋಡಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಉಸ್ತಾದರು ಇಬ್ಬರ ಕೈ ಎತ್ತಿ ಅಖಾಡ ಸುತ್ತಿಸಿದರೆ ಜೋಡಿ ಕಟ್ಟಿದ ಹಾಗೆ. ಆಮೇಲೆ ಸೋಲಬಹುದು, ಕೈಕಾಲು ಮುರಿದುಕೊಳ್ಳಬಹುದು, ಆದರೆ ಇಳಿದುಹೋದವನಿಗೆ ಗರಡಿಯ ಬಾಗಿಲು ಮುಚ್ಚಿದಂತೆಯೇ. ನಾನು ಅಂಗಿ ಬಿಚ್ಚಿ ಹಗ್ಗಕ್ಕೆ ಹಾಕಿದೆ.

ಕ್ಯಾಮೆರಾ ಹಿಡಿದಿದ್ದ ಮಗ ಓಡಿ ಬಂದ. "ಅಪ್ಪಾ, ಅಂಗಿ ಯಾಕೆ ಬಿಚ್ತಿದೀರಿ?"

"ಜೋಡಿ ಆಯ್ತಲ್ಲೋ."

"ಯಾವ ಜೋಡಿ? ಅದು ಫೋಟೋಕ್ಕೆ ಎತ್ತಿದ್ದು!"

ಇವನಿಗೆ ಹೆದರಿಕೆ, ಅದಕ್ಕೇ ನೆಪ ಹೇಳುತ್ತಿದ್ದಾನೆ ಅಂದುಕೊಂಡೆ. "ಅಪ್ಪಾ, ನಾಳೆ ಆ ಕೂಸನ್ನ ಎತ್ತೋ ಕೈ ಇದು" ಎಂದು ಅವನು ತೋಳು ಹಿಡಿದ. ಆ ಮಾತು ಎದೆಗೆ ನಾಟಿತು. ಆದರೂ ಕೊಡವಿಕೊಂಡೆ.

ಹುಡುಗನೂ ಇದನ್ನು ತಮಾಷೆ ಎಂದುಕೊಂಡ. ನಗುತ್ತ ಬಂದು ನನ್ನ ಕೆನ್ನೆಯನ್ನು ಮೆಲ್ಲಗೆ ತಟ್ಟಿದ. ನಾನು ಬಗ್ಗಿ ಸೊಂಟಕ್ಕೆ ಕೈ ಹಾಕಿ ಎತ್ತಿ ಒಗೆದೆ. ಅವನ ತಲೆ ಹಲಗೆಗೆ ಬಡಿದ ಸದ್ದಿಗೆ ಬಾರಿನ ನಗು ನಿಂತಿತು. ಎದ್ದವನ ಕಣ್ಣೇ ಬೇರೆಯಾಗಿತ್ತು. ಬಾಯಿಂದ ಕೆಂಪಗೆ ಉಗಿದ.

ಆಮೇಲೆ ಬಿದ್ದವು ನೋಡಿ, ಮೊದಲು ಹೇಳಿದ ಆ ಒದೆಗಳು. ಮೂರನೆಯದು ಬಂದಾಗ ಬಗ್ಗಿದೆ, ಮೊಣಕಾಲು ದವಡೆಗೆ ತಾಗಿತು. ಹಲ್ಲೊಂದು ನಾಲಿಗೆಯ ಮೇಲೆ ಉರುಳಿತು, ಬಾಯಿ ತುಂಬ ಉಪ್ಪು. ಉಸಿರೆಳೆದರೆ ಪಕ್ಕೆಯಲ್ಲಿ ಚೂರಿ. ಮತ್ತೆ ಕಾಲೆತ್ತಿದ. ಈ ಸಲ ಆ ಕಾಲನ್ನೇ ಕಂಕುಳಲ್ಲಿ ಅಮುಕಿ ತಿರುವಿದೆ. ಬೋರಲು ಬಿದ್ದ. ಬೆನ್ನಿಗೆ ಮಂಡಿಯೂರಿ ಅವನ ತೋಳನ್ನು ಹಿಂದಕ್ಕೆ ಎಳೆದೆ. ಇನ್ನೊಂದು ಬೆರಳಿನಷ್ಟು ಎಳೆದಿದ್ದರೆ ಭುಜದ ಕೀಲು ಕಳಚುತ್ತಿತ್ತು. ಅವನು ಕಿರುಚಿದ. ನಾನು ಇನ್ನೂ ಎಳೆಯುತ್ತಲೇ ಇದ್ದೆ.

ಗೈಡ್ ಹಗ್ಗದೊಳಗೆ ನುಗ್ಗಿ ನನ್ನ ಕಿವಿಯಲ್ಲಿ ತಮಿಳಿನಲ್ಲಿ ಕೂಗಿದ: ಅಯ್ಯಾ, ಬಿಡಿ, ಇದು ಪಂದ್ಯವಲ್ಲ, ಬಂದವರಿಗೆಲ್ಲ ಹೀಗೇ ಕೈ ಎತ್ತಿ ಫೋಟೋ ತೆಗೆಸುತ್ತಾರೆ!

ಮಗನ ಮಾತು ನಂಬದವನು ಅವನ ಮಾತು ನಂಬಿದೆ. ಕೈ ತಾನಾಗಿ ಬಿಟ್ಟಿತು.

ಹುಡುಗ ಎದ್ದು ಕೂತು ಭುಜ ತಿಕ್ಕಿಕೊಂಡ. ಗೈಡ್ ವಿಷಯ ತಿಳಿಸಿದ. ಹುಡುಗ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಇಬ್ಬರಿಗೂ ನಗು ತಡೆಯಲಿಲ್ಲ. ನಕ್ಕರೆ ನನಗೆ ಪಕ್ಕೆಯಲ್ಲಿ ಜೀವ ಹೋಗುತ್ತಿತ್ತು. ಅವನೇ ಘಾಟು ಎಣ್ಣೆ ತಂದು ಉಜ್ಜಿ ಬಿಗಿಯಾಗಿ ಬಟ್ಟೆ ಸುತ್ತಿದ. ಅಷ್ಟು ಒದೆ ತಿಂದೂ ಅಷ್ಟು ಸಂತೋಷ ಪಟ್ಟ ಸಂಜೆ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ, ದೇವರಾಣೆ.

ಡಾಕ್ಟರು ಪಕ್ಕೆಲುಬು ಬಿರುಕು ಬಿಟ್ಟಿದೆ, ಕೂಡುವ ತನಕ ಏನನ್ನೂ ಎತ್ತಕೂಡದು ಎಂದರು. ಸಂತೋಷ ಅಲ್ಲಿಗೆ ಇಳಿಯಿತು.

ಮನೆ ಬಾಗಿಲಲ್ಲಿ ಮೊಮ್ಮಗಳು ಎರಡೂ ಕೈ ಚಾಚಿ ಸೊಸೆಯ ಕಂಕುಳಿಂದ ನನ್ನತ್ತ ಜಿಗಿದಳು. ನಾನು ಹಿಂದೆ ಸರಿದೆ. ಕೂಸಿನ ಮುಖ ಬಾಡಿತು ನೋಡಿ, ಆ ಹುಡುಗನ ಒದೆಯೆಲ್ಲ ಅದರ ಮುಂದೆ ಏನೂ ಅಲ್ಲ. ಮಗ ಎಲ್ಲ ಹೇಳಿದ.

"ಬೇರೆಯೋರು ಬ್ಯಾಂಕಾಕಿಂದ ಸೆಂಟು ತರ್ತಾರೆ. ನೀವು ಮುರ್ದಿರೋ ಮೂಳೆ ತಂದ್ರಿ" ಎಂದು ಸೊಸೆ ಒಳಗೆ ಹೋದಳು. ಆಮೇಲೆ ನನ್ನ ಹತ್ತಿರ ಮಾತಿಲ್ಲ. ಕೂಸು ನಿದ್ದೆಯಿಲ್ಲದೆ ಒಂದೇ ಸಮ ಅತ್ತಿತು, ಬೀದಿಯವರೆಲ್ಲ ಬಂದು ವಿಚಾರಿಸುವಷ್ಟು.

ಮರುದಿನ ಮಧ್ಯಾಹ್ನ ನಾನು ಮಲಗಿದ್ದಾಗ ಸೊಸೆ ಬಂದಳು. ಕೂಸನ್ನು ನನ್ನ ಮಗ್ಗುಲಲ್ಲಿ ಮಲಗಿಸಿದಳು. ಅದು ಮಗ್ಗುಲಲ್ಲಿ ಇರುವ ಜಾತಿಯೇ? ನನ್ನ ಬನಿಯನ್ ಹಿಡಿದು, ಹೊಟ್ಟೆಯ ಮೇಲೆ ಹತ್ತಿ, ಮುರಿದ ಜಾಗಕ್ಕೇ ಸರಿಯಾಗಿ ಹಿಮ್ಮಡಿ ಊರಿ, ಎದೆಗೆ ಕೆನ್ನೆ ಇಟ್ಟು ಕಣ್ಣು ಮುಚ್ಚಿತು. ನನಗೆ ಕಣ್ಣು ಕತ್ತಲಿಟ್ಟಿತು, ಬೆವರು ಕಿತ್ತುಬಂತು.

ಬಾಗಿಲಲ್ಲಿ ನಿಂತ ಸೊಸೆ, "ತುಂಬಾ ನೋಯ್ತಿದ್ಯಾ ಮಾವ? ತೆಗೀಲಾ?" ಎಂದಳು.

"ಸುಮ್ನಿರು ಮಾರಾಯ್ತಿ, ಎದ್ದುಬಿಡ್ತಾಳೆ" ಎಂದೆ.