ವೆಲ್ಡಿಂಗ್ ಮೆಷಿನ್ನಿನ ಹಾರ

ಅಶೋಕಪುರಂನಲ್ಲಿ ಅಪ್ಪನ ವೆಲ್ಡಿಂಗ್ ಅಂಗಡಿಯಿದೆ. ಅಪ್ಪ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿರುವವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇವತ್ತಿಗೂ ಅಂಗಡಿಗೆ ಬಂದವರು ನನ್ನನ್ನು ದಾಟಿ ಒಳಗೆ ಇಣುಕಿ, "ಯಾರೂ ಇಲ್ವಾ?" ಎಂದು ಕೇಳುತ್ತಾರೆ. ನಾನಿದ್ದೇನೆ. ಮುಂದೂ ಇರುತ್ತೇನೆ.

ಅಣ್ಣ ಗೂಡ್ಸ್ ಆಟೋ ಓಡಿಸುತ್ತಾನೆ. ಅಂಗಡಿ ಮುಚ್ಚಿ ಜಾಗವನ್ನು ಬಾಡಿಗೆಗೆ ಕೊಡಬೇಕೆಂದು ಅವನ ಆಸೆ. ನಮ್ಮಲ್ಲಿರುವುದು ಒಂದೇ ಮೆಷಿನ್. ಅದು ಸುಟ್ಟುಹೋದ ದಿನ ಅವನ ಮಾತೇ ಗೆಲ್ಲುತ್ತದೆ ಎಂದು ನನಗೆ ಗೊತ್ತಿತ್ತು.

ಆ ಸಲ ಆಯುಧಪೂಜೆ ಕಳೆದದ್ದೇ ಮೆಷಿನ್ ಮೊಂಡು ಹಿಡಿಯಿತು. ಶ್ರೀರಾಂಪುರದ ಹೊಸ ಮನೆಯೊಂದಕ್ಕೆ ಗೇಟು ಮಾಡುತ್ತಿದ್ದೆ, ಗೃಹಪ್ರವೇಶ ಹತ್ತಿರ ಬಂದಿತ್ತು. ಒಂದೆರಡು ರಾಡ್ ಮುಗಿಯುವಷ್ಟರಲ್ಲಿ ಹಳದಿ ದೀಪ ಹತ್ತಿ ಮೆಷಿನ್ ನಿಂತುಬಿಡುತ್ತಿತ್ತು. ಒಳಗಿನ ವೈಂಡಿಂಗ್, ಅಂದರೆ ತಂತಿಯ ಸುರುಳಿ, ಮಿತಿಮೀರಿ ಕಾದರೆ ಕರೆಂಟು ಕಡಿಯಲೆಂದೇ ಅದರಲ್ಲಿ ಓವರ್‌ಲೋಡ್ ಸ್ವಿಚ್ಚೊಂದಿದೆ. ಮೆಷಿನ್ ತಣ್ಣಗಾಗುವವರೆಗೆ ಕಾಯಬೇಕು. ಕಾದು ಶುರುಮಾಡಿದರೆ ಮತ್ತೆ ಅದೇ ಕಥೆ.

ಗೇಟು ಸಾಗಿಸಲು ಬಂದಿದ್ದ ಅಣ್ಣ ಸ್ವಲ್ಪ ಹೊತ್ತು ನೋಡಿ, ಆಟೋದಿಂದ ಒಂದು ತುಂಡು ವೈರ್ ತಂದ.

"ಆ ಸ್ವಿಚ್ ಕೆಟ್ಟೋಗಿದೆ ಕಣೆ. ಅದನ್ನ ಬಿಟ್ಟು ಈ ವೈರ್ ಕೊಟ್ಟು ಡೈರೆಕ್ಟ್ ಮಾಡ್ಬುಡು, ಆಮೇಲೆ ನಿಲ್ಲೋದೇ ಇಲ್ಲ."

"ನಿಲ್ಲಲ್ಲ, ಸುಟ್ಟೋಗುತ್ತೆ."

"ನಿಂಗೆ ಭಯ. ಅದ್ಕೇ ಹೆಂಗಸರ ಕೆಲಸ ಅಲ್ಲ ಇದು ಅನ್ನೋದು."

ವೈರನ್ನು ಅವನ ಕೈಯಿಂದ ಕಿತ್ತುಕೊಂಡು ಏಪ್ರನ್ ಜೇಬಿಗೆ ತುರುಕಿದೆ. ಮೇನ್ ಸ್ವಿಚ್ ಆರಿಸಿ, ಮೆಷಿನ್ನಿನ ಹಿಂದಿನ ತಗಡು ಬಿಚ್ಚಿದೆ.

ಫ್ಯಾನಿನ ಸುತ್ತ ಒಣಗಿದ ಚೆಂಡುಹೂವಿನ ಎಸಳುಗಳು. ಗಾಳಿಯ ಕಿಂಡಿಗಳಲ್ಲಿ ಅರಿಸಿನ, ಗಂಧ, ಅದಕ್ಕೆ ಮೆತ್ತಿಕೊಂಡ ಕಬ್ಬಿಣದ ಪುಡಿ. ಪ್ರತಿ ವರ್ಷ ಮೆಷಿನ್ನಿಗೆ ಹಾರ ಹಾಕುವವಳು ಅಮ್ಮ. ಆ ವರ್ಷ ಭಕ್ತಿ ಹೆಚ್ಚಾಗಿ ಕಿಂಡಿಗಳಿಗೂ ಗಂಧ ಬಳಿದಿದ್ದಳು. ಹಾರ ತಾನಾಗಿ ಉದುರುವವರೆಗೆ ತೆಗೆಯಬಾರದೆಂಬುದು ಬೇರೆ ಅವಳ ಕಟ್ಟಳೆ. ಮೆಷಿನ್ನಿಗೆ ಉಸಿರು ಕಟ್ಟಿತ್ತು, ಪಾಪದ ಸ್ವಿಚ್ಚು ಅದನ್ನೇ ಬಡಕೊಳ್ಳುತ್ತಿತ್ತು.

ಬ್ರಷ್ಷಿನಲ್ಲಿ ಉಜ್ಜಿ, ಬ್ಲೋವರ್ ಹಿಡಿದು ಊದಿ, ಸಡಿಲವಾಗಿದ್ದ ಕೇಬಲ್ ನಟ್ಟುಗಳನ್ನು ಬಿಗಿ ಮಾಡಿದೆ. ಸಂಜೆಯೊಳಗೆ ಗೇಟು ಮುಗಿಯಿತು. ಹಳದಿ ದೀಪ ಹತ್ತಲಿಲ್ಲ. ಅಣ್ಣ ಗೇಟು ಹೇರಿಕೊಂಡು ಹೋದ.

ಅಮ್ಮನಿಗೆ ಹೇಳುವುದೇ ಕಷ್ಟವಾಯಿತು. "ದೇವ್ರ ಹೂವಿಂದ ಮೆಷಿನ್ ಕೆಡುತ್ತಾ? ನಿಮ್ಮಪ್ಪ ಇದ್ದಾಗ ನಾನು ಹಾಕ್ತಿರ್ಲಿಲ್ವಾ?" ಎಂದು ಅತ್ತಳು. ಆದರೂ ನಾನು ಮಣಿಯಲಿಲ್ಲ.

"ಹಾರ ಹಾಕಮ್ಮ, ನಾನು ಬೇಡ ಅನ್ನಲ್ಲ. ಎಲ್ಲಿ ಹಾಕ್ಬೇಕು ಅಂತ ಮಾತ್ರ ನಾನು ಹೇಳ್ತೀನಿ."

ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಬಿಡಲಿ ಎಂದುಕೊಂಡೆ.

ಮುಂದಿನ ಆಯುಧಪೂಜೆಗೆ ಆಟೋ ತೊಳೆದುಕೊಂಡು ಅಣ್ಣನೂ ಅಂಗಡಿಗೆ ಬಂದಿದ್ದ. ಅಮ್ಮ ಹಾರ ಹಿಡಿದು ಮೆಷಿನ್ ಮುಂದೆ ನಿಂತು ನನ್ನ ಮುಖ ನೋಡಿದಳು. ನಾನು ಮೇಲಿನ ಹಿಡಿಕೆ ತೋರಿಸಿದೆ. ಅಮ್ಮ ಅಲ್ಲೇ ಹಾಕಿದಳು. ಹಾರ ಕಿಂಡಿಗಳ ಕಡೆಗೆ ಜಾರದಂತೆ ಕಟ್ಟಲು ಏನಾದರೂ ಬೇಕಿತ್ತು. ಹೋದ ವರ್ಷ ಅಣ್ಣನ ಕೈಯಿಂದ ಕಿತ್ತುಕೊಂಡಿದ್ದ ವೈರ್ ತುಂಡು ಇನ್ನೂ ಏಪ್ರನ್ ಜೇಬಿನಲ್ಲೇ ಇತ್ತು. ಅವನ ಕಣ್ಣೆದುರಿಗೇ ಅದನ್ನು ತೆಗೆದು ಬಿಗಿಯಾಗಿ ಕಟ್ಟಿದೆ.