ಜಾಲಿಕಾಯಿಯ ಗೆಜ್ಜೆ

ಸೊಲ್ಲಾಪುರದಲ್ಲಿ ಓಕ್ ಮರದ ಕಾಯಿ ಎಲ್ಲಿ ಸಿಗುತ್ತದೆ?

ನವಿ ಪೇಠದಲ್ಲಿ. ಆಟಿಕೆ ಅಂಗಡಿಯಲ್ಲಿ. ಪ್ಲಾಸ್ಟಿಕ್ಕಿನದು.

ನನ್ನ ಮೂರು ವರ್ಷದ ಮಗಳು ಸಾನ್ವಿಯ ಪ್ಲೇಸ್ಕೂಲಿನಿಂದ ವಾಟ್ಸಾಪ್ ಬಂದಿತ್ತು. ಸೋಮವಾರ 'ನೇಚರ್ ಡೇ', ಮಕ್ಕಳು ಬಟ್ಟೆಯ ಅಳಿಲಿಗೆ ಏಕಾರ್ನ್, ಅಂದರೆ ಓಕ್ ಕಾಯಿ, ತಿನ್ನಿಸುವ ಆಟ, ದಯವಿಟ್ಟು ಏಕಾರ್ನ್ ಕಳಿಸಿ. (ನಮ್ಮೂರ ಅಳಿಲು ಶೇಂಗಾ ತಿನ್ನುತ್ತದೆ. ಅದಕ್ಕೆ ವಾಟ್ಸಾಪ್ ಇಲ್ಲ.)

"ಖಲಾಸ್ ಆದೂರಿ ಸರ್," ಎಂದ ಅಂಗಡಿಯವ. "ನಿಮ್ಮ ಸಾಲಿಯವ್ರ ಎಲ್ಲಾ ಒಯ್ದಾರ."

"ಖರೇ ಕಾಯಿ ಎಲ್ಲೆರೆ ಸಿಗ್ತಾವೇನ್ರಿ?"

"ಖರೇದ್ ತಗೊಂಡ್ ಏನ್ ಮಾಡ್ತೀರಿ? ಹುಳ ಹತ್ತತಾವ. ಇವು ತೊಳದಿಟ್ರ ಮುಂದಿನ ವರ್ಷಕ್ಕೂ ಆಗ್ತಾವ."

ಸಿಟ್ಟು ಬಂತು. ಪಿಎಚ್‌ಡಿ ಮಾಡಿದವರ ಸಿಟ್ಟು, ಯಾರಿಗೂ ತಾಗುವುದಿಲ್ಲ. ಭಾನುವಾರ ಮಗಳನ್ನು ಕುಂಭಾರಿಗೆ, ಅಕ್ಕನ ಹೊಲಕ್ಕೆ ಕರೆದೊಯ್ದೆ. ಕುರಿಗಳ ಜೊತೆ ಪೈಪೋಟಿ ಮಾಡಿ ಒಣಗಿದ ಜಾಲಿಕಾಯಿ ಆರಿಸಿದೆವು. ದಾರಕ್ಕೆ ಪೋಣಿಸಿ ಅವಳ ಕಾಲಿಗೆ ಕಟ್ಟಿದೆ. ಗಲ್ ಗಲ್! ಹುಡುಗಿ ಬದು ತುಂಬ ಕುಣಿದಳು.

"ಸಣ್ಣಾಂವ ಇದ್ದಾಗ ನಾನೂ ಹಿಂಗ ಕುಣೀತಿದ್ದೆ," ಎಂದೆ.

ಅಕ್ಕ ನಕ್ಕಳು. "ನೀ ಯಾವಾಗ ಕುಣದಿಯೋ ತಮ್ಮಾ? ಮುಳ್ಳ ನಟ್ಟೀತಂತ ಕಟ್ಟಿ ಇಳೀತಿದ್ದಿಲ್ಲ. ಪುಸ್ತಕ ಹಿಡ್ಕೊಂಡ್ ಕುಂತಿರ್ತಿದ್ದಿ. ಕುಣದಾಕಿ ನಾ."

ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆದರೆ ಯಾರ ಕಾಲಿನದು? ದೇವರಿದ್ದಾನೆ ಎನ್ನುವುದಕ್ಕೇ ಸಾಕ್ಷಿ ಕೇಳಿದವನು ನಾನು. ನನ್ನ ಬಾಲ್ಯಕ್ಕೆ ಮಾತ್ರ ಕೇಳಿರಲಿಲ್ಲ.

ಇರಲಿ, ಮಗಳದ್ದಾದರೂ ಖರೇ ಆಗಲಿ ಎಂದು ಸೋಮವಾರ ಗೆಜ್ಜೆ ಕಟ್ಟಿಯೇ ಕಳಿಸಿದೆ.

ಮಧ್ಯಾಹ್ನ ಅವಳು ಗೆಜ್ಜೆಯಿಲ್ಲದ ಕಾಲಲ್ಲಿ ಗೇಟಿನ ಹತ್ತಿರ ನಿಂತಿದ್ದಳು. "ಪಪ್ಪಾ, ಮಿಸ್ 'ಛೀ, ಕಚರಾ' ಅಂದ್ರು. ಡಬ್ಬ್ಯಾಗ ಒಗದ್ರು."

"ಅಳಿಲಿಗೆ ಏನ್ ತಿನಿಸಿದಿ ಪುಟ್ಟಿ?"

"ಏನೂ ಇಲ್ಲ. ಎಲ್ಲಾರೂ ತಿನಿಸಿದ್ರು. ನಾ ಸುಮ್ನ ಕುಂತಿದ್ದೆ."

ಮಿಸ್ ಜೊತೆ ವಾದಕ್ಕೆ ನಿಂತೆ. "ಸರ್, ಥೀಮ್ ಏಕಾರ್ನ್ ಇತ್ತಲ್ರಿ," ಎಂದರು, ಬಹಳ ಮರ್ಯಾದೆಯಿಂದ. ಮಗಳು ನನ್ನ ಅಂಗಿ ಎಳೆದಳು. "ನನಗೂ ಅದಽ ಬೇಕು ಪಪ್ಪಾ."

ಸಂಜೆ ನವಿ ಪೇಠಕ್ಕೆ ಹೋದೆ. ಹೊಸ ಮಾಲು ಬಂದಿತ್ತು. ಈಗ ಅವಳು ಅವನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಾಳೆ.

ಸಾನ್ವಿ ಒಬ್ಬಳೇ ಮಗಳು. ನಾಳೆ ದೊಡ್ಡವಳಾಗಿ, 'ಸೊಲ್ಲಾಪುರದಲ್ಲಿ ಓಕ್ ಮರದ ಕೆಳಗೆ ಆಡುತ್ತಿದ್ದೆ' ಎಂದರೆ, ನಕ್ಕು ತಿದ್ದುವುದಕ್ಕೆ ಅವಳಿಗೆ ಯಾವ ಅಕ್ಕ ಇದ್ದಾಳೆ?