ಮೊದಲು ಬೈರಮ್ಮನ ಹಾಲು

ಸಾತನೂರಿನ ಡೇರಿಯ ಮುಂದೆ ಹಾಲು ಹಾಕುವವರ ಸಾಲು ನೆಟ್ಟಗಾಯಿತೆಂದರೆ ಹವಾಲ್ದಾರ್ ಚೆಲುವಯ್ಯನವರು ಬಂದರೆಂದೇ ಅರ್ಥ. ಕಾರ್ಗಿಲ್ ಯುದ್ಧದಲ್ಲಿ ಪದಕ ಪಡೆದು, ಈಗ ಊರಲ್ಲಿ ಬೇಸಾಯ ಮಾಡಿಕೊಂಡಿರುವ ಅವರು ರೇಷ್ಮೆಹುಳುವಿಗೂ ಗಡಿಯಾರ ನೋಡಿಯೇ ಸೊಪ್ಪು ಹಾಕುತ್ತಾರೆ. ಅವರ ಸೀಟಿ ಕೇಳಿದರೆ ಮಲಗಿದ್ದ ಎಮ್ಮೆಯೂ ಎದ್ದು ನಿಲ್ಲುತ್ತದೆ. ಯಾರಾದರೂ ‘ಮುಂದೆ ಬನ್ನಿ ಸಾರ್’ ಎಂದರೆ, ‘ಲೇ, ಸಾಲು ಅಂದ್ರೆ ಸಾಲು ಕಣ್ಲಾ’ ಎಂದು ಗದರುತ್ತಾರೆ. ಆದರೆ ದಿನವೂ ಒಂದು ಕ್ಯಾನು ಮಾತ್ರ ಸಾಲು ದಾಟಿ ಮುಂದೆ ಹೋಗುತ್ತದೆ. ಅದು ಮುದುಕಿ ಬೈರಮ್ಮನದು. ಹೊತ್ತು ತರುವವರು ಚೆಲುವಯ್ಯನವರೇ. ‘ಪದಕ ತಕ್ಕೊಂಡೋನು ನನ್ ಕ್ಯಾನು ಹೊರ್ತೀಯಲ್ಲಪ್ಪ, ಜನ ಏನಂದಾರು?’ ಎಂದು ಅವಳು ಗೊಣಗುತ್ತಾಳೆ. ಆ ಪದಕವಾದರೋ ಇರುವುದು ಅವಳ ಮನೆಯಲ್ಲಿ, ಅದೇ ಯುದ್ಧದಿಂದ ಮರಳಿ ಬಾರದ ಅವಳ ಮಗ ನಟರಾಜುವಿನ ಪಟದ ಮೇಲೆ. ಚೆಲುವಯ್ಯನವರು ಅನ್ನುತ್ತಾರೆ, ‘ಗುಂಡು ಬಿದ್ದಿದ್ದ ನನ್ನನ್ನ ಬೆಟ್ಟದಿಂದ ಹೊತ್ಕೊಂಡು ಇಳಿಸ್ದೋನು ನಿನ್ ಮಗ ಕಣವ್ವ. ಇದೇನ್ ಭಾರ? ಒಸಿ ಹಾಲು ಅಷ್ಟೇಯ.’